ಲಾಳಮೂತಿ

ಸತ್ತ ಬಾವಲಿಯನ್ನು ಅಕ್ಕನ ಮುಂದೆ ಮೇಜಿನ ಮೇಲೆ ಎಸೆದ ತಮ್ಮ. "ನೋಡ್ಕೊ. ಗೋಡೆ ಸಂದಿಯ ಮಾಮೂಲಿ ಬಾವಲಿ ಅಂತ ಬರ್ಕೊಡು, ಸಾಕು."

ಅಮ್ಮ ಹೋದ ಮೇಲೆ ಅವನು ಅಕ್ಕನನ್ನು ಕರೆಸಿದ್ದು ಇದೇ ಮೊದಲು. ಅವಳು ಬಾವಲಿಗಳ ಅಧ್ಯಯನದ ಬೆನ್ನು ಹತ್ತಿದವಳು; ಅವನದು ಮನೆಯಲ್ಲೇ ಮುದ್ರಣಾಲಯ. ಹೊಸ ಯಂತ್ರ ಅಂಗಳದಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ನೆಲಮಾಳಿಗೆಗೆ ಕಾಂಕ್ರೀಟು ತುಂಬದೆ ನೆಲ ಅದರ ಭಾರ ತಡೆಯುವಂತಿರಲಿಲ್ಲ. ಒಳಗಿರುವ ಬಾವಲಿ ಯಾವ ಜಾತಿಯದೆಂದು ಬಲ್ಲವರು ಹೇಳುವ ತನಕ ನೆಲಮಾಳಿಗೆಯನ್ನು ಮುಟ್ಟಕೂಡದು ಎಂದು ಅರಣ್ಯ ಕಚೇರಿಯವರು ಪಟ್ಟು ಹಿಡಿದಿದ್ದರು.

ಅವಳು ಬಾವಲಿಯನ್ನು ಅಂಗೈಗೆತ್ತಿಕೊಂಡಳು. ಮೈ ಇನ್ನೂ ಬೆಚ್ಚಗಿತ್ತು.

"ಯಾರು ಹೊಡೆದಿದ್ದು?"

"ನಾನೇ. ಪೊರಕೇಲಿ."

ಮಾಮೂಲಿ ಬಾವಲಿಯ ಕಿವಿಯೊಳಗೆ ಪುಟ್ಟ ಎಸಳೊಂದು ಇರುತ್ತದೆ. ಇದಕ್ಕೆ ಅದಿರಲಿಲ್ಲ. ಮೂಗಿನ ಸುತ್ತ ಕುದುರೆ ಲಾಳದಂತೆ ಬಾಗಿದ ಚರ್ಮದ ಮಡಿಕೆ.

"ಕೆಳಗೆ ಹೋಗಿ ನೋಡ್ಬೇಕು," ಎಂದಳು.

ನೆಲಮಾಳಿಗೆಯ ಗೋಡೆಗಳು ಬೆವರುತ್ತಿದ್ದವು. ಸಂದಿಯ ಬಾವಲಿಗಳು ಬಿರುಕಿನಲ್ಲಿ ಮೈ ತುರುಕಿಕೊಂಡಿರುತ್ತವೆ. ಇವು ರೆಕ್ಕೆಯನ್ನು ಕಂಬಳಿಯಂತೆ ಸುತ್ತಿಕೊಂಡು ಚಾವಣಿಯಿಂದ ಬಿಡಿಬಿಡಿಯಾಗಿ ಜೋತಾಡುತ್ತಿದ್ದವು. ಟಾರ್ಚಿನ ಮಂದ ಬೆಳಕಿಗೆ ಒಂದು ಬಾವಲಿ ರೆಕ್ಕೆ ಸಡಿಲಿಸಿತು. ಎದೆಗಂಟಿದ ಕೂದಲಿಲ್ಲದ ಮರಿ ಕಂಡಿತು.

"ಲಾಳಮೂತಿ ಬಾವಲಿ," ಎಂದಳು. "ಈ ಕಡೆ ಇವು ಉಳಿದೇ ಇಲ್ಲ ಅಂದ್ಕೊಂಡಿದ್ವಿ. ಇದನ್ನ ತುಂಬೋ ಹಾಗಿಲ್ಲ ಕಣೋ. ಯಂತ್ರಕ್ಕೆ ಬೇರೆ ಜಾಗ ನೋಡು."

"ಎಲ್ಲಿ ನೋಡ್ಲಿ? ನಿನ್ನ ತಲೆ ಮೇಲೆ ಇಡ್ಲಾ?"

"ಮರಿ ಹಾಕಿವೆ."

"ಅಮ್ಮ ಆಸ್ಪತ್ರೇಲಿ ನಿನ್ನ ಹೆಸರು ಹಿಡಿದು ಕೂಗ್ತಿದ್ದಾಗ ನಿನಗೆ ಬರೋಕೆ ಪುರುಸೊತ್ತಿರ್ಲಿಲ್ಲ. ಆಗಲೂ ಯಾವುದೋ ಗುಹೇಲಿ ಇವುಗಳ ಮೂತಿ ನೋಡ್ತಿದ್ದೆ. ಈಗ ಇವುಗಳ ಬಾಣಂತನಕ್ಕೆ ಬಂದಿದೀಯಾ?"

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮಾಮೂಲಿ ಬಾವಲಿ ಅಂದುಬಿಟ್ಟರೆ ಕೇಳುವವರಿಲ್ಲ. ತಮ್ಮನ ಮನೆಯ ಬಾಗಿಲೂ ತೆರೆದೀತು. ಅವಳು ಮೆಟ್ಟಿಲು ಹತ್ತಿ ಅಂಗಳಕ್ಕೆ ಬಂದು, ಅವನೆದುರೇ ಅರಣ್ಯ ಕಚೇರಿಗೆ ಫೋನು ಮಾಡಿ ಜಾತಿಯ ಹೆಸರು ಹೇಳಿದಳು. ಎರಡು ಸಲ ಹೇಳಿದಳು.

ತಮ್ಮ ಕೂಗಾಡಲಿಲ್ಲ. ಅವಳ ಚೀಲ ತಂದು ಗೇಟಿನಾಚೆ ಇಟ್ಟ. "ಇನ್ನು ಈ ಕಡೆ ತಲೆ ಹಾಕ್ಬೇಡ," ಎಂದು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿ ಒಂದು ಲೋಟ ನೀರು ತಂದಳು. ಗೇಟಿನಾಚೆ ನಿಂತಿದ್ದ ಅಕ್ಕನ ಕೈಗೆ ಕೊಡದೆ ಕಾಂಪೌಂಡಿನ ಗೋಡೆಯ ಮೇಲಿಟ್ಟು, ಮುಖ ನೋಡದೆ ತಿರುಗಿ ಹೋದಳು. ಸಂಜೆಯ ಬಿಸಿಲು ಇಳಿಯುತ್ತಿತ್ತು. ಲೋಟದ ಉದ್ದನೆಯ ನೆರಳು ರಸ್ತೆಗೆ ಚಾಚಿ ಅಕ್ಕನ ಚಪ್ಪಲಿಯವರೆಗೂ ಬಂದಿತ್ತು.