ಹನ್ನೊಂದು ತೂತಿನ ಗೋಡೆ

ಬಾಗಿಲಲ್ಲಿ ಕೂತಿದ್ದವನು ನಮ್ಮಿಬ್ಬರ ಮಣಿಕಟ್ಟಿಗೂ ಹಸಿರು ಕಾಗದದ ಪಟ್ಟಿ ಸುತ್ತಿ, "ಒಳಗೆ ಏನನ್ನೂ ಮುಟ್ಟಬಾರದು ಅಜ್ಜಿ," ಎಂದ. ನಲವತ್ತಾರು ವರ್ಷ ಆ ತೋಟದಲ್ಲಿ ನಾನು ಮುಟ್ಟದೆ ಬಿಟ್ಟದ್ದು ಯಾವುದೂ ಇಲ್ಲ. ಆದರೂ ಆಗಲಪ್ಪಾ ಎಂದು ತಲೆಯಾಡಿಸಿದೆ.

ಬೇಸಿಗೆಯಲ್ಲಿ ಒಂದು ದಿನವಾದರೂ ಹೊರಗೆ ಹೋಗಿಬರೋಣ ಎಂದು ಹಟ ಹಿಡಿದವಳು ತಂಗಿ. ಎಲ್ಲಿಗೆ ಎಂದು ಕೇಳಿದಾಗ ನನ್ನ ಬಾಯಿಗೆ ಬಂದದ್ದು ಈ ಹಳೆಯ ತೋಟವೇ. ನಾಲ್ಕು ಕಡೆಗೂ ಎರಡಾಳೆತ್ತರದ ಇಟ್ಟಿಗೆ ಗೋಡೆ, ಒಳಗೆ ಹಣ್ಣಿನ ಮರ. ಕೆಲಸ ಬಿಟ್ಟು ಹದಿನೈದು ವರ್ಷವಾಗಿತ್ತು.

"ಆಯಸ್ಸೆಲ್ಲ ಅಲ್ಲೇ ಮಣ್ಣು ಹೊತ್ತೆ. ಸುತ್ತಾಡೋಕೂ ಅಲ್ಲಿಗೇನಾ?" ಎಂದು ಮೂಗು ಮುರಿದಳು. ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ಬುತ್ತಿ ಕಟ್ಟಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದಳು.

ತೋಟ ತೋರಿಸುವ ಹುಡುಗಿ ಕೆಂಪು ಕೊಡೆ ಎತ್ತಿ ಹಿಡಿದು ಮುಂದೆ ನಡೆದಳು. ನಾವು ಹತ್ತು ಹನ್ನೆರಡು ಜನ ಹಿಂದೆ. ಮೇಲ್ಗಡೆಯ ಗೋಡೆಯ ಹತ್ತಿರ ಬಂದಾಗ ನನ್ನ ಕಾಲು ತಾನಾಗಿಯೇ ನಿಂತಿತು. ನನ್ನ ಮರಸೇಬಿನ ಮರ ಅಲ್ಲಿತ್ತು. ಗೋಡೆಗೆ ಬೆನ್ನು ಹಚ್ಚಿ, ಎಡಕ್ಕೆ ಏಳು ಬಲಕ್ಕೆ ಏಳು ತೋಳು ಚಾಚಿಕೊಂಡು, ಎಲೆಯೆಲ್ಲ ಹಳದಿಯಾಗಿ.

"ಕೆಳಗಿನ ತೋಳಲ್ಲಿ ಒಂದು ದೊಡ್ಡ ಗಂಟಿದೆ ನೋಡಿ. ಹಿಂದೆ ಯಾವಾಗಲೋ ಸಿಡಿಲು ಬಡಿದ ಗುರುತು," ಎಂದಳು ಹುಡುಗಿ.

ತಂಗಿ ನನ್ನ ಪಕ್ಕೆಗೆ ತಿವಿದು ಜೋರಾಗಿಯೇ ಅಂದಳು. "ಅಕ್ಕಾ, ಆ ಸಿಡಿಲು ನೀನೇ ಅಲ್ವಾ?"

ನಾನೇ. ಆಗ ನನಗೆ ಹದಿನಾಲ್ಕು, ಕೆಲಸಕ್ಕೆ ಸೇರಿ ಎರಡು ತಿಂಗಳು. ಹೀಗೆ ಗೋಡೆಗೆ ಒರಗಿಸಿ ಬೆಳೆಸುವ ಮರದ ಎಳೆ ಕೊಂಬೆಯನ್ನು ದಿನಕ್ಕೆ ಕೂದಲೆಳೆಯಷ್ಟು ಬಗ್ಗಿಸಿ ತಂತಿಗೆ ಕಟ್ಟಬೇಕು. ವರ್ಷಕ್ಕೆ ಎಡಬಲಕ್ಕೆ ಒಂದೊಂದೇ ತೋಳು. ನಾನು ಒಂದೇ ದಿನದಲ್ಲಿ ಬಗ್ಗಿಸಲು ಹೋಗಿ ಲಟಕ್ಕನೆ ಮುರಿದೆ. ಲಂಗದ ಅಂಚು ಹರಿದು, ಜೇಡಿಮಣ್ಣು ಮೆತ್ತಿ ಕಟ್ಟಿದೆ. ತೋಟದ ಮೇಸ್ತ್ರಿ ನೋಡಿ, "ಇದು ಉಳಿದರೆ ನೀನೂ ಉಳಿದೆ," ಎಂದಷ್ಟೇ ಹೇಳಿ ಹೋದ. ಅದು ಉಳಿಯಿತು. ನಾನೂ ಉಳಿದೆ.

ಈಗ ಅದರ ಕಾಂಡಕ್ಕೆ ಹಳದಿ ರಿಬ್ಬನ್ನು ಕಟ್ಟಿದ್ದರು.

"ಇದನ್ನ ಇವತ್ತು ಮಧ್ಯಾಹ್ನ ಕಡೀತಾರೆ," ಎಂದಳು ಹುಡುಗಿ. "ಮೂರು ವರ್ಷದಿಂದ ಒಣಗ್ತಾ ಇದೆ, ಎಷ್ಟು ನೀರು ಹಾಕಿದ್ರೂ ಸುಧಾರಿಸಲಿಲ್ಲ. ಇಲ್ಲೊಂದು ಬೆಂಚು ಬರುತ್ತೆ, ಫೋಟೊ ತೆಗೆಸಿಕೊಳ್ಳೋಕೆ."

ಕೆಂಪು ಕೊಡೆ ಮುಂದೆ ಹೋಯಿತು. ನಾನು ಹೋಗಲಿಲ್ಲ. ಮರದ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಒಳಗೆ ಕಾಲಿಟ್ಟು ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿರು. ಬುಡದ ಮಣ್ಣಿಗೆ ಬೆರಳು ತೂರಿಸಿ ಮೂಸಿದೆ. ಹುಳಿ ವಾಸನೆ, ನೀರಲ್ಲಿ ಕೊಳೆತ ಚಿಂದಿಯ ಹಾಗೆ. ಆಮೇಲೆ ಗೋಡೆಯ ಬುಡ ನೋಡಿದೆ. ತೂತು ಒಂದೂ ಕಾಣಲಿಲ್ಲ.

ಆ ಗೋಡೆಯಾಚೆಯ ನೆಲ ಎತ್ತರ, ಈಚೆಯದು ತಗ್ಗು. ಆಚೆ ಇಂಗಿದ ನೀರು ಹೊರಬರಲೆಂದು ಕಟ್ಟುವಾಗಲೇ ಬುಡದಲ್ಲಿ ಹನ್ನೊಂದು ತೂತು ಬಿಟ್ಟಿದ್ದರು. ಬಂದ ನೀರು ಕಲ್ಲಿನ ಕಾಲುವೆ ಹಿಡಿದು ಕೊಳಕ್ಕೆ ಹೋಗುತ್ತಿತ್ತು. ವರ್ಷ ವರ್ಷ ಬೇಸಿಗೆಗೆ ಮುಂಚೆ ಆ ತೂತುಗಳ ಹೂಳು ತೆಗೆಯುವುದು ಹೆಂಗಸರ ಕೆಲಸ. ಗಂಡಸರ ಕೈ ಒಳಗೆ ಹೋಗುತ್ತಿರಲಿಲ್ಲ. ಈಗ ಹನ್ನೊಂದಕ್ಕೂ ಸಿಮೆಂಟು ಮೆತ್ತಿ, ಮೇಲೆ ಬಣ್ಣ ಬಳಿದಿದ್ದರು. ಆಚೆ ಎತ್ತರದಲ್ಲಿ ಹೊಸ ಹುಲ್ಲುಹಾಸು ಬೇರೆ. ನೀರು ಚಿಮ್ಮಿಸುವ ಸದ್ದು ಕೇಳುತ್ತಿತ್ತು.

ಗರಗಸ ಹಿಡಿದು ಒಬ್ಬ ಬಂದ. "ಅಜ್ಜಿ, ಸ್ವಲ್ಪ ಆ ಕಡೆ ಹೋಗಿ."

ನಾನು ಕಾಂಡಕ್ಕೆ ಒರಗಿ ಕೂತೆ.

"ಇನ್ನು ಮುಗೀತು," ಎನ್ನುತ್ತಾ ತಂಗಿಯೂ ಹಗ್ಗ ದಾಟಿ ಬಂದು ಪಕ್ಕದಲ್ಲಿ ಕಾಲು ಚಾಚಿದಳು. ಬುತ್ತಿ ಬಿಚ್ಚಿ ಗರಗಸದವನ ಮುಂದೆ ಹಿಡಿದಳು. "ತಗೋಪ್ಪಾ, ತಿನ್ನು. ಇವಳು ಮಾತಾಡೋದೂ ಕಮ್ಮಿ, ಕೂತ ಮೇಲೆ ಏಳೋದೂ ಕಮ್ಮಿ. ನಿನಗೆ ಇವತ್ತು ಕೆಲಸ ಇಲ್ಲ."

ಅವನು ಮ್ಯಾನೇಜರನ್ನು ಕರೆತಂದ. ಇಸ್ತ್ರಿ ಮಾಡಿದ ಅಂಗಿ, ಬಿಳಿ ಬೂಟು. ಗದರುವ ಜಾತಿಯವನಲ್ಲ.

"ಅಜ್ಜೀ, ನಿಮ್ಮ ಮನಸ್ಸು ಅರ್ಥ ಆಗುತ್ತೆ. ಆದ್ರೆ ತಿಳಿದವರು ಬಂದು ನೋಡಿದ್ದಾರೆ. ಮರ ಸತ್ತಿದೆ."

"ಮರ ನೋಡಿರಬಹುದು. ಗೋಡೆ ನೋಡಿದ್ರಾ?"

"ಗೋಡೆಗೇನಾಗಿದೆ? ನಾಲ್ಕು ವರ್ಷದ ಹಿಂದೆ ರಿಪೇರಿ ಮಾಡಿಸಿದ್ದೇ ನಾನು. ಬುಡದ ತುಂಬಾ ಇಲಿ ಬಿಲ ಇತ್ತು."

"ಇಲಿ ಬಿಲ ಅಲ್ಲಪ್ಪಾ, ಅದು ಗೋಡೆಯ ಮೂಗು. ಮೂಗು ಮುಚ್ಚಿ ಬಾಯಿಗೆ ನೀರು ಹುಯ್ದಿದ್ದೀರಿ. ಆಚೆ ನಿಂತ ನೀರು ಗೋಡೆಯಡಿ ಇಳಿದು ಬೇರು ಮುಳುಗಿದೆ, ನೀವು ಬಾಯಾರಿಕೆ ಅಂತ ಇನ್ನಷ್ಟು ಕುಡಿಸ್ತಿದ್ದೀರಿ."

ಅವನ ಮುಖ ಕೆಂಪಾಯಿತು. "ಕಾವಲಿನವರನ್ನ ಕರೀಬೇಕಾಗುತ್ತೆ."

"ಕರೀರಿ," ಎಂದಳು ತಂಗಿ. "ಅಕ್ಕನ್ನ ಎತ್ತೋಕೆ ಇಬ್ಬರು ಸಾಕು. ನನಗೆ ಮಾತ್ರ ನಾಲ್ಕು ಜನ ಕಳಿಸಿ."

ಅಷ್ಟರಲ್ಲಿ ಕೆಂಪು ಕೊಡೆ ಒಂದು ಸುತ್ತು ಮುಗಿಸಿ ವಾಪಸು ಬಂದಿತ್ತು. ಜನ ನಕ್ಕರು, ಫೋನು ಎತ್ತಿ ಹಿಡಿದರು. ನಾನು ಜೀವಮಾನದಲ್ಲಿ ಅಷ್ಟು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಆದರೂ ಹೇಳಿದೆ.

"ಒಂದೇ ಒಂದು ತೂತು ತೆಗೆಸಿ. ನೀರು ಬರದಿದ್ದರೆ ಗರಗಸದ ಒಂದು ತುದಿ ನಾನೇ ಹಿಡೀತೀನಿ."

ಮ್ಯಾನೇಜರ್ ಜನರ ಕಡೆ ನೋಡಿದ, ಗಡಿಯಾರ ನೋಡಿದ. ಗರಗಸದವನು ಬಾಯಿ ಒರೆಸಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಚೀಲದಿಂದ ಉಳಿ ಸುತ್ತಿಗೆ ತೆಗೆದ.

ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರಿತು. ಕಪ್ಪು ತೂತು ಬಾಯಿ ತೆರೆಯಿತು. ಒಂದು ಹನಿಯೂ ಬರಲಿಲ್ಲ.

"ನೋಡಿದ್ರಾ?" ಎಂದ ಮ್ಯಾನೇಜರ್ ಮೆಲ್ಲಗೆ.

ನಾನು ಮಣ್ಣಿನಲ್ಲಿ ಮಗ್ಗುಲಾಗಿ ಮಲಗಿದೆ. ಹೂಳು ತೆಗೆಯುವಾಗ ನಾವು ಹೆಂಗಸರು ಮಲಗುತ್ತಿದ್ದದ್ದು ಹಾಗೆಯೇ. ಬಳೆ ಮೇಲಕ್ಕೆ ತಳ್ಳಿ ಕೈ ತೂರಿಸಿದೆ. ಮುದಿ ಕೈ ಸೊರಗಿ ಇನ್ನೂ ಸಣ್ಣದಾಗಿತ್ತು. ಮೊಣಕೈ ದಾಟಿ ಹೋಯಿತು. ತುದಿಯಲ್ಲಿ ನಾಲ್ಕು ವರ್ಷದ ಹೂಳು ಗಟ್ಟಿಯಾಗಿ ಕೂತಿತ್ತು. ಕೆರೆದೆ, ಹಿಡಿಯಷ್ಟು ಎಳೆದೆ, ಮತ್ತೆ ತೂರಿಸಿದೆ. ಮೂರನೇ ಹಿಡಿಗೆ ಒಳಗೇನೋ ಗುಳುಕ್ಕೆಂದಿತು.

ಮೊದಲು ಗಾಳಿ ಬಂತು, ಆಮೇಲೆ ನಾತ, ಆಮೇಲೆ ಕರಿ ನೀರು. ತೋಳಿನ ದಪ್ಪಕ್ಕೆ ಚಿಮ್ಮಿ ನನ್ನ ಮಣಿಕಟ್ಟಿನ ಹಸಿರು ಪಟ್ಟಿ ಕಿತ್ತುಕೊಂಡು, ಕಾಲುವೆ ತುಂಬಿ, ಮ್ಯಾನೇಜರನ ಬಿಳಿ ಬೂಟಿನ ಮೇಲೆ ಹರಿಯಿತು. ಯಾರೋ ಚಪ್ಪಾಳೆ ತಟ್ಟಿದರು.

ಮ್ಯಾನೇಜರ್ ಹಿಂದೆ ಸರಿದು ಬೂಟು ಕೊಡವಿದ. "ಮುಂದಿನ ಬೇಸಿಗೆವರೆಗೂ ಇರಲಿ. ಆಗ ಚಿಗುರದಿದ್ರೆ ಕಡಿಸ್ತೀನಿ," ಎಂದ.

"ಚಿಗುರೋದು ಬಿಡೋದು ಮರದ ಕೈಲಿದೆ," ಎಂದು ನಾನು ರಿಬ್ಬನ್ನು ಬಿಚ್ಚಿ ಅವನ ಕೈಗೆ ಕೊಟ್ಟೆ. "ತೂತು ತೆಗೆಯೋದು ನಿಮ್ಮ ಕೈಲಿದೆ. ಇನ್ನೂ ಹತ್ತಿದೆ."

ಗರಗಸದವನು ಆಗಲೇ ಎರಡನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ತೋಟದ ಹುಡುಗಿ ಕೊಡೆ ಮಡಿಸಿಟ್ಟು, ಅಂಗಿಯ ತೋಳು ಮೇಲೇರಿಸಿ ನನ್ನ ಪಕ್ಕಕ್ಕೆ ಬಂದಳು. "ಸಿಡಿಲಲ್ವಾ ಅಜ್ಜಿ ಹಾಗಾದ್ರೆ, ಆ ಗಂಟು?"

"ಕೈ ತೋರಿಸು," ಎಂದೆ. ಸಣ್ಣ ಕೈ, ಸಾಕು. "ಮಗ್ಗುಲಾಗಿ ಮಲಗು, ಹೇಳ್ತೀನಿ."

ತಂಗಿ ಖಾಲಿ ಡಬ್ಬಿ ಚೀಲಕ್ಕೆ ಹಾಕುತ್ತಾ, "ಅಕ್ಕಾ, ಮೂರು ಗಂಟೆ ಬಸ್ಸು ಹೋಗುತ್ತೆ ನೋಡು," ಎಂದಳು.

"ಹೋಗಲಿ ಬಿಡೇ," ಎಂದು ನಾನು ಗರಗಸದವನು ಆಗಷ್ಟೇ ಒಡೆದ ಮೂರನೇ ತೂತಿಗೆ ಕೈ ಹಾಕಿದೆ.