ಮದ್ದು ಕಲಸುವವನು

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಜೀಪು ನಿಂತಾಗ ಮರಿಯಮ್ಮ ಖುಷಿಯಿಂದಲೇ ಹೊರಗೆ ಬಂದಳು. ಮಗ ಗಿರಿ ಅರಣ್ಯ ಇಲಾಖೆಯಲ್ಲಿ ವಾಚರ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಕೆಲಸ ಕೊಡುವ ಮೊದಲು ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ, ಆಗ ಮಗನನ್ನು ಚೆನ್ನಾಗಿ ಹೊಗಳಬೇಕು ಎಂದು ಲೈನಿನವರೆಲ್ಲ ಹೇಳಿಕೊಟ್ಟಿದ್ದರು.

ಬಂದವರಿಬ್ಬರೂ ಮಫ್ತಿಯಲ್ಲಿದ್ದರು. ಒಬ್ಬ ಹಿಂದಿಯಲ್ಲಿ ಕೇಳುತ್ತಿದ್ದ, ಇನ್ನೊಬ್ಬ ಕನ್ನಡದಲ್ಲಿ ಹೇಳುತ್ತಿದ್ದ. ಮಾತೆಲ್ಲ ಫೋನಿನಲ್ಲಿ ರೆಕಾರ್ಡ್ ಆಗುತ್ತಿತ್ತು.

"ಇಲ್ಲಿ ಮದ್ದು ಕಲಸೋರು ಯಾರಮ್ಮ?"

ಎಸ್ಟೇಟಿನಲ್ಲಿ ಮದ್ದು ಎಂದರೆ ಒಂದೇ: ಮಳೆಗಾಲಕ್ಕೆ ಮೊದಲು ಕಾಫಿ ಗಿಡಗಳಿಗೆ ಹೊಡೆಯುವ, ಮೈಲುತುತ್ತ ಸುಣ್ಣ ಬೆರೆಸಿದ ನೀಲಿ ನೀರು. ಅದನ್ನು ಕಲಸುವವನು ಮೇಸ್ತ್ರಿ ಬೆಳ್ಳಿಯಪ್ಪ. ಗಿರಿ ಪೈಪು ಎಳೆಯುತ್ತಿದ್ದ, ಅಷ್ಟೇ. ಆದರೆ ಪೈಪು ಎಳೆಯುವವನಿಗೆ ಸರ್ಕಾರ ಯಾಕೆ ಕೆಲಸ ಕೊಟ್ಟೀತು?

"ನನ್ ಮಗನೇ ಸ್ವಾಮಿ. ಅವ್ನ ಹಾಗೆ ಕಲಸೋರು ಈ ಸೀಮೇಲೇ ಇಲ್ಲ. ಮೇಸ್ತ್ರಿಗೇ ಅವ್ನು ಹೇಳ್ಕೊಟ್ಟಿದ್ದು."

"ಹೊರಗಿನವರಿಗೂ ಕಲಿಸಿದಾನಾ?"

"ಕೇಳ್ದೋರಿಗೆಲ್ಲ ಕಲಿಸ್ತಾನೆ. ದೊಡ್ಡ ಮನಸ್ಸು ಅವ್ನದು."

ಕಾಫಿ ತಂದ ಮಗಳು ಧನ್ಯಶ್ರೀಗೆ ನಗು ಬಂತು. ಅವ್ವ ಸುಳ್ಳನ್ನೂ ಎಷ್ಟು ಚಂದ ಹೇಳುತ್ತಾಳೆ ಎಂದುಕೊಂಡು ಸುಮ್ಮನೆ ನಿಂತಳು.

ಮಧ್ಯಾಹ್ನ ಆ ಜೀಪಿನವರೇ ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ ಗಿರಿಯನ್ನು ಹಿಡಿದರು. ಅವ್ವನನ್ನು ಕರೆದುಕೊಂಡು ಧನ್ಯಶ್ರೀ ಠಾಣೆಗೆ ಓಡಿದಳು. ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ರೇಣುಕಪ್ರಸಾದ್ ಅವಳನ್ನು ಜಗಲಿಗೆ ಕರೆದರು.

"ಅತ್ತಿಗುಂಡಿ ಹೋಂಸ್ಟೇಲಿ ಬಾಂಬ್ ಮಾಡ್ತಾ ಒಬ್ಬ ಸಿಕ್ಕಿಬಿದ್ದನಲ್ಲ? ಅವ್ನು ಹೋದ ವರ್ಷ ನಿಮ್ಮ ಎಸ್ಟೇಟಲ್ಲಿ ಕೂಲಿ ಮಾಡಿದಾನೆ. ಮದ್ದು ಕಲಸೋದು ಅಲ್ಲೊಬ್ಬ ಕಲಿಸಿದ ಅಂದಿದಾನಂತೆ."

"ಅದು ಕಾಫಿ ಮದ್ದು ಸಾರ್!"

"ನಂಗೊತ್ತಿಲ್ವಾ? ನಾನೂ ಕಾಫಿ ಸೀಮೆಯೋನೇ, ಕಳಸದೋನು. ಆದ್ರೆ ಕೇಸು ನನ್ ಕೈಲಿಲ್ಲ."

ಅವರು ದನಿ ತಗ್ಗಿಸಿ ಹೇಳಿದರು. ಹಿಂದೆ ದೊಡ್ಡ ದಾಳಿಯೊಂದರಲ್ಲಿ ಬಹಳ ಜನ ಸತ್ತಿದ್ದರು. ಒಂದೊಂದು ರಾಜ್ಯದ ಪೊಲೀಸರೂ ತಮ್ಮ ಗಡಿಯಲ್ಲೇ ನಿಂತುಬಿಡುತ್ತಿದ್ದರು. ಜೀಪಿನಲ್ಲಿ ಬಂದವರದು ಆಗ ಹುಟ್ಟಿದ ಕೇಂದ್ರದ ತನಿಖಾ ದಳ. ದೇಶದ ಯಾವ ಮೂಲೆಯ ಕೇಸನ್ನಾದರೂ ತೆಗೆದುಕೊಳ್ಳಬಹುದು.

"ಒಳ್ಳೇದಕ್ಕೇ ಹುಟ್ಟಿದ್ದು ಮಾರಾಯ್ತಿ. ಆದ್ರೆ ಅವ್ರು ಬಂದ್ಮೇಲೆ ನಾವು ಬರೀ ಟೀ ತರಿಸೋರು."

ಮರಿಯಮ್ಮ ದಳದ ಅಧಿಕಾರಿಯ ಮುಂದೆ ಕೈಮುಗಿದು ನಿಂತಳು. "ಸುಳ್ಳು ಹೇಳ್ದೆ ಸ್ವಾಮಿ. ಅವ್ನಿಗೆ ಮದ್ದು ಕಲಸೋಕೆ ಬರಲ್ಲ. ಕಲಸೋದು ಬೆಳ್ಳಿಯಪ್ಪ."

ಅಧಿಕಾರಿ ಒರಟನಲ್ಲ. ಪೂರ್ತಿ ಕೇಳಿಸಿಕೊಂಡ. ಮಗ ಸಿಕ್ಕಿಬಿದ್ದ ಮೇಲೆ ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ ಎಂದ. ಬೆಳ್ಳಿಯಪ್ಪನನ್ನೂ ಅವರು ಆಗಲೇ ವಿಚಾರಿಸಿದ್ದರು. ಮದ್ದಿನ ಡ್ರಮ್ಮಿನ ಹತ್ತಿರವೂ ಹೋದವನಲ್ಲ ಎಂದು ಆತ ಮಕ್ಕಳ ಮೇಲೆ ಆಣೆ ಇಟ್ಟಿದ್ದ.

ಸಂಜೆ ಗಿರಿಯನ್ನು ಬೆಂಗಳೂರಿಗೆ ಕರೆದೊಯ್ಯಲು ಹೊರಗೆ ತಂದರು. ಅವ್ವನನ್ನು ಕಂಡು ಅವನು ನಿಂತ.

"ಅವ್ವ, ನಾನು ಮದ್ದು ಕಲಸ್ತೀನಿ ಅಂತ ಯಾರೋ ಹೇಳಿದಾರಂತೆ. ಯಾರವ್ವ ಅದು?"

ಮರಿಯಮ್ಮ ನೆಲ ನೋಡಿದಳು. ಅವನು ತಂಗಿಯ ಕಡೆ ತಿರುಗಿದ. ಧನ್ಯಶ್ರೀ ಅವ್ವನ ಕೈ ಹಿಡಿದುಕೊಂಡಳು. ಪೇದೆ ಅವನ ತಲೆ ತಗ್ಗಿಸಿ ಗಾಡಿಯೊಳಗೆ ಕೂರಿಸಿದ.