ಕಿಟಕಿಯ ಕೆಳತುದಿಯಿಂದ

ನಾನು ಒಂದು ತೆಳ್ಳನೆಯ ಪಟ್ಟಿ. ಬ್ರೌಸರ್ ಕಿಟಕಿಯ ಕೆಳತುದಿಯಲ್ಲಿ ನನ್ನ ಜಾಗ. ಲಿಂಕ್ ಮೇಲೆ ಬಾಣ ಇಟ್ಟವರಿಗೆ, ಒತ್ತಿದರೆ ಎಲ್ಲಿಗೆ ಹೋಗುತ್ತೀರಿ ಎಂದು ಮೊದಲೇ ತಿಳಿಸುವುದು ನನ್ನ ಕೆಲಸ.

ಹುಟ್ಟಿದಾಗ ಕಿಟಕಿಯಷ್ಟೇ ಅಗಲವಿದ್ದೆ. ರೋಣದ ಟೈಪಿಂಗ್ ಶಾಲೆಯ ಗುರುಪಾದಯ್ಯ ಮಾಸ್ತರರು ನನ್ನನ್ನು ಒಮ್ಮೆಯೂ ಓದಲಿಲ್ಲ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಗದ್ದ ಮಾತ್ರ. ಅವರು ಶಾಲೆ ಮುಚ್ಚಿದಾಗ ನಾನಿದ್ದ ಕಂಪ್ಯೂಟರ್ ಅವರ ಶಿಷ್ಯೆ ಮಾಬೂಬಿಯ ಆನ್‌ಲೈನ್ ಕೇಂದ್ರಕ್ಕೆ ಬಂತು. ಅಷ್ಟರಲ್ಲಿ ಬ್ರೌಸರ್ ಮಾಡುವವರು ನನ್ನನ್ನು ಮೋಟಾಗಿಸಿದ್ದರು. ಬಾಣ ಬಂದಾಗಷ್ಟೇ ಮೂಲೆಯಲ್ಲಿ ತಲೆ ಎತ್ತಬೇಕು. ವಿಳಾಸ ಉದ್ದವಾದರೆ ನಡುವೆ ಚುಕ್ಕಿಗಳನ್ನಿಟ್ಟು ನುಂಗಬೇಕು.

ಮಾಬೂಬಿಗೆ ಎಲ್ಲವನ್ನೂ ಕೆದಕಿ ನೋಡುವ ಚಟ. "ಇದೇನ ಮೂಲ್ಯಾಗ ಇಣಕ್ತೈತಿ?" ಎಂದು ಮೊದಲ ದಿನವೇ ಬಾಗಿದಳು.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ರೇಣವ್ವ ಏದುಸಿರು ಬಿಡುತ್ತ ಬಂದಳು. ಮೂವತ್ತೆರಡರ ವಯಸ್ಸಿನಲ್ಲಿ, ಮನೆಯವರನ್ನೆಲ್ಲ ಒಪ್ಪಿಸಿ, ನರ್ಸಿಂಗ್ ಸೀಟು ಗಿಟ್ಟಿಸಿದವಳು.

"ಇಮೇಲ್ ಬಂದೈತಿ ನೋಡಬೇ. ಸಂಜಿಯೊಳಗ ಪಾಸ್‌ವರ್ಡ್ ಹಾಕಲಿಲ್ಲಂದ್ರ ಸೀಟು ಹೋಕ್ಕೈತಂತ. ಲಗೂ ಒತ್ತು!"

ಲಿಂಕಿನ ನೀಲಿ ಅಕ್ಷರಗಳಲ್ಲಿ ಕಾಲೇಜಿನ ಹೆಸರೇ ಇತ್ತು. ಮಾಬೂಬಿ ಬಾಣ ಇಟ್ಟಳು. ನಾನು ತಲೆ ಎತ್ತಿದೆ. ಮುಂದೆ ಕಾಲೇಜಿನ ಹೆಸರು, ನಡುವೆ ಚುಕ್ಕಿಗಳು, ಕೊನೆಗೆ 'ಪ್ರವೇಶ'. ಹೇಳಬೇಕಾದ ಒಂದೇ ಹೆಸರು ನನ್ನ ಹೊಟ್ಟೆಯೊಳಗೆ ಸಿಕ್ಕಿಕೊಂಡಿತ್ತು.

"ತಡಿ. ಈ ಚುಕ್ಕಿ ಒಳಗ ಏನೈತಿ?" ಮಾಬೂಬಿ ಕೈ ಅಲುಗಿಸದೆ ಕಾದಳು.

ಬಾಣ ನಿಂತಲ್ಲೇ ನಿಂತರೆ ನಾನು ಮೈ ಚಾಚಬಲ್ಲೆ. ಚಾಚಿದೆ. ಅವಳು ಬೆರಳಿಟ್ಟು ಓದಿದಳು.

"ಈ ಮೊದಲ ಒಂಟಿ ಓರೆಗೆರಿ '/' ಐತಲ್ಲ, ಅದರ ಎಡಕ್ಕ ತಾಗಿರೋ ಹೆಸರು ಈ ಸೈಟಿನ ಯಜಮಾನಂದು. ಇಲ್ಲಿ ಯಜಮಾನ ನಿಮ್ಮ ಕಾಲೇಜ ಅಲ್ಲ ರೇಣವ್ವ, ಯಾವನೋ ಬ್ಯಾರೆ."

ಕಾಲೇಜಿಗೆ ಫೋನು ಹೋಯಿತು. "ನಾವು ಅಂಥಾದ್ದು ಕಳಿಸೇ ಇಲ್ರಿ," ಎಂದರು ಗುಮಾಸ್ತರು. "ಪಾಸ್‌ವರ್ಡ್ ಕೊಟ್ಟಿದ್ರ ಆ ಮೋಸಗಾರರೇ ನಿಮ್ಮ ಹೆಸರಿನಾಗ ಒಳಗ ಹೋಗಿ ಸೀಟು ರದ್ದು ಮಾಡ್ತಿದ್ರು."

ರೇಣವ್ವ ಮೋಟು ಸ್ಟೂಲಿನ ಮೇಲೆ ಕುಸಿದಳು. ಅವಳ ಮುಖ ನನ್ನ ಮಟ್ಟಕ್ಕೆ ಬಂತು. ಮನುಷ್ಯರ ಕಣ್ಣುಗಳನ್ನು ಅಷ್ಟು ನೇರವಾಗಿ ನಾನು ಕಂಡದ್ದು ಅದೇ ಮೊದಲು.

ಅಂದೇ ಮಾಬೂಬಿ ಬ್ರೌಸರ್ ಮಾಡುವವರಿಗೆ ಬರೆದಳು: "ವಿಳಾಸದಲ್ಲಿ ಬೇರೇನನ್ನಾದರೂ ನುಂಗಿ. ಯಜಮಾನನ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಪೂರ್ತಿ ತೋರಿಸಿ." ಉತ್ತರ ಬರಲಿಲ್ಲ.

ಈಗ ನನ್ನ ಕಂಪ್ಯೂಟರ್ ಗೋಡೆಬದಿಗೆ ಸರಿದಿದೆ. ಎಲ್ಲರ ಕೈಯಲ್ಲೂ ಮೊಬೈಲು. ಅಲ್ಲಿ ಬಾಣವೂ ಇಲ್ಲ, ನನಗೆ ಜಾಗವೂ ಇಲ್ಲ. ಹೋದ ವಾರ ರೇಣವ್ವ ಬಿಳಿ ಸಮವಸ್ತ್ರದಲ್ಲಿ ಬಂದಿದ್ದಳು, ಜೊತೆಗೆ ಮೂವರು ಸಹಪಾಠಿಗಳು. "ಒತ್ತಬ್ಯಾಡ್ರಿ, ಮೊದಲ ಕೆಳಗ ಓದ್ರಿ," ಎಂದು ಬಾಣ ಹಿಡಿದು ನಿಂತಳು.

ಬಾಣ ನಿಂತಷ್ಟು ಹೊತ್ತೇ ನನ್ನ ಆಯುಷ್ಯ. ಆ ನಾಲ್ವರು ಬಾಗಿ ಕೊನೆಯ ಅಕ್ಷರದವರೆಗೂ ಓದಿದರು.